ಹುಲ್ಲು ತಿಂದ ಮಾತ್ರಕ್ಕೆ ಕರುವಿನ ಹೊಟ್ಟೆ ಬೆಳೆಯಲ್ಲ

ಮಂಡ್ಯ, ಹಾಸನ, ಕೋಲಾರದ ಕಡೆ ಹಳ್ಳಿಗಳ ಕೊಟ್ಟಿಗೆ ನೋಡಿಕೊಂಡು ಬಂದರೆ ಇಂಥದ್ದೊಂದು ಕರು ಕಣ್ಣಿಗೆ ಬಿದ್ದೇ ಬೀಳುತ್ತದೆ. ಮೂರ್ನಾಲ್ಕು ತಿಂಗಳು ತುಂಬಿರುತ್ತದೆ. ಪಕ್ಕೆಲುಬು ಎಣಿಸಬಹುದು. ಕೂದಲು ಒರಟು, ಹೊಳಪಿಲ್ಲ. ಹೊಟ್ಟೆ ಮಾತ್ರ ಎರಡೂ ಕಡೆ ಜೋತುಬಿದ್ದು ಡೊಳ್ಳಾಗಿರುತ್ತದೆ. ‘ಹುಲ್ಲು ಚೆನ್ನಾಗೇ ತಿನ್ನುತ್ತೆ ಸಾರ್, ಯಾಕೋ ಮೈ ಹಿಡೀತಿಲ್ಲ’ ಅನ್ನುತ್ತಾರೆ ಮನೆಯವರು. ಜಂತುಹುಳ ಇದ್ದರೂ ಹೀಗಾಗುತ್ತದೆ, ಮೊದಲು ಅದನ್ನು ಪಶುವೈದ್ಯರಿಗೆ ತೋರಿಸಬೇಕು. ಜಂತಿನ ಔಷಧಿ ಕುಡಿಸಿದ ಮೇಲೂ ಕರು ಹಾಗೇ ಇದ್ದರೆ ಕಾರಣ ಬಹುತೇಕ ಮೇವಿನಲ್ಲೇ ಇರುತ್ತದೆ. ಅದು ತಿನ್ನುತ್ತಿರುವ ಹುಲ್ಲನ್ನು ಅರಗಿಸುವ ಹೊಟ್ಟೆ ಅದಕ್ಕೆ ಇನ್ನೂ ಬಂದಿಲ್ಲ. ಆ ಹೊಟ್ಟೆ ಬೆಳೆಯುವಂಥ ಆಹಾರವನ್ನು ನಾವು ಕೊಟ್ಟೂ ಇಲ್ಲ.

ಈ ವಿಷಯ ಈಗ ಮಾತಾಡಲೇಬೇಕಾದ್ದು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿನ ದರ ಲೀಟರ್‌ಗೆ 4 ರೂ. ಏರಿತು, ಆ ಹಣ ರೈತರಿಗೇ ಸೇರುತ್ತದೆ ಎಂದು ಸರ್ಕಾರ ಹೇಳಿತು. ಅದರ ಜೊತೆಗೆ ಲೀಟರ್‌ಗೆ 5 ರೂ. ಪ್ರೋತ್ಸಾಹಧನವೂ ಇದೆ. ಒಳ್ಳೆಯದೇ. ಆದರೆ ಇವೆರಡೂ ಸಿಗುವುದು ಡೇರಿಗೆ ಅಳೆದ ಹಾಲಿಗೆ. ಕರು ಕುಡಿದ ಹಾಲಿಗೆ ಲೆಕ್ಕದ ಪುಸ್ತಕದಲ್ಲಿ ಜಾಗವೇ ಇಲ್ಲ. ದರ ಏರಿದಷ್ಟೂ ಕರುವಿನ ಪಾಲಿನ ಹಾಲು ಕಣ್ಣಿಗೆ ದುಬಾರಿಯಾಗಿ ಕಾಣುತ್ತದೆ. ಇನ್ನೊಂದು ಕಡೆ, ಹೆಣ್ಣು ಕರುವೇ ಹುಟ್ಟಲಿ ಅಂತ ಲಿಂಗ ವಿಂಗಡಿಸಿದ ವೀರ್ಯದ ಕಡ್ಡಿಗೆ ಹಣ ಖರ್ಚು ಮಾಡುತ್ತಿದ್ದೇವೆ. ಅದರಲ್ಲಿ ಶೇ 90ರ ಹತ್ತಿರ ಹೆಣ್ಣು ಕರುವೇ ಹುಟ್ಟುತ್ತದೆ. ಹಾಗೆ ಹಣ ಕೊಟ್ಟು ಹುಟ್ಟಿಸಿಕೊಂಡ ಕರುವನ್ನು ಮೊದಲ ಎರಡು ತಿಂಗಳು ಅರೆಹೊಟ್ಟೆಯಲ್ಲಿ ಇಡುವುದರಲ್ಲಿ ಏನರ್ಥ?

ಕರುವಿನ ಹೊಟ್ಟೆ ಹೇಗಿರುತ್ತದೆ ಅಂತ ಮೊದಲು ನೋಡೋಣ. ಹಸುವಿಗೆ ನಾಲ್ಕು ಭಾಗದ ಹೊಟ್ಟೆ ಅನ್ನುವುದು ಎಲ್ಲರಿಗೂ ಗೊತ್ತು. ಬೆಳೆದ ಹಸುವಿನಲ್ಲಿ ಮೊದಲ ಭಾಗ, ಅಂದರೆ ರೂಮೆನ್ ಎಂಬ ದೊಡ್ಡ ಹೊಟ್ಟೆ, ಒಟ್ಟು ಹೊಟ್ಟೆಯ ಶೇ 80ರಷ್ಟು ಜಾಗ ಹಿಡಿದಿರುತ್ತದೆ. ಹುಲ್ಲು ನೆನೆದು, ಹುಳಿತು, ಕೋಟ್ಯಂತರ ಸೂಕ್ಷ್ಮಜೀವಿಗಳಿಂದ ಒಡೆಯುವುದು ಅಲ್ಲೇ. ಆದರೆ ಹುಟ್ಟಿದ ಕರುವಿನಲ್ಲಿ ಲೆಕ್ಕ ತಿರುಗುಮುರುಗು. ಅದಕ್ಕೆ ನಾಲ್ಕನೇ ಭಾಗವೇ ದೊಡ್ಡದು, ಒಟ್ಟು ಹೊಟ್ಟೆಯ ಅರ್ಧಕ್ಕಿಂತ ಜಾಸ್ತಿ. ರೂಮೆನ್ ಸಣ್ಣ ಚೀಲ, ಗೋಡೆ ತೆಳು, ಒಳಗೆ ಕೆಲಸವೇ ಶುರುವಾಗಿರುವುದಿಲ್ಲ. ಆ ವಾರಗಳಲ್ಲಿ ಕರು ನಮ್ಮ ಹಾಗೆ ಒಂದೇ ಹೊಟ್ಟೆಯ ಪ್ರಾಣಿ.

ಹಾಲು ರೂಮೆನ್‌ಗೆ ಹೋಗುವುದೂ ಇಲ್ಲ. ಕರು ಹಾಲು ಚೀಪಿದಾಗ ಅನ್ನನಾಳದ ತುದಿಯಲ್ಲಿರುವ ಎರಡು ಮಡಿಕೆ ಸೇರಿಕೊಂಡು ಕೊಳವೆಯಾಗುತ್ತವೆ. ಹಾಲು ಅದರೊಳಗಿಂದ ನೇರವಾಗಿ ನಾಲ್ಕನೇ ಹೊಟ್ಟೆಗೆ ಇಳಿದು, ಅಲ್ಲಿ ಗಟ್ಟಿಯಾಗಿ ಒಡೆದು, ನಿಧಾನಕ್ಕೆ ಅರಗುತ್ತದೆ. ಒಣ ಆಹಾರ ಮತ್ತು ಸುಮ್ನೆ ಕುಡಿದ ನೀರು ಮಾತ್ರ ರೂಮೆನ್‌ಗೆ ಬೀಳುತ್ತವೆ.

ಈ ಎರಡು ದಾರಿ ನೆನಪಿಟ್ಟುಕೊಂಡರೆ ನಮ್ಮ ಕಡೆ ನಡೆಯುವ ಒಂದು ದೊಡ್ಡ ತಪ್ಪು ತಾನಾಗಿಯೇ ಗೊತ್ತಾಗುತ್ತದೆ. ಹಾಲು ಉಳಿಸಲು ಕರುವಿಗೆ ರಾಗಿ ಗಂಜಿ ಕುಡಿಸುವುದು. ಶಕ್ತಿ ಬರಲಿ ಅಂತ ಅದಕ್ಕೊಂದು ತುಂಡು ಬೆಲ್ಲ. ಕೊಡುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ. ಆದರೆ ಹಾಲಿನಲ್ಲಿ ಕಲಸಿದ ಗಂಜಿ ಹಾಲಿನ ದಾರಿಯಲ್ಲೇ ಹೋಗುತ್ತದೆ. ಪಿಷ್ಟ ಒಡೆಯುವ ಕಿಣ್ವ ಮೊದಲ ಕೆಲವು ವಾರ ಕರುವಿನ ಕರುಳಿನಲ್ಲಿ ತೀರಾ ಕಡಿಮೆ. ಬೆಲ್ಲ, ಸಕ್ಕರೆ ಒಡೆಯುವ ಕಿಣ್ವವಂತೂ ಇಲ್ಲವೇ ಇಲ್ಲ. ಕರು ಅರಗಿಸಬಲ್ಲ ಸಿಹಿ ಅಂದರೆ ಹಾಲಿನೊಳಗಿನ ಸಿಹಿ ಅಷ್ಟೇ. ಅರಗದ ಗಂಜಿ, ಬೆಲ್ಲ ಕರುಳಿನಲ್ಲಿ ಹುಳಿತು ಭೇದಿಯಾಗುತ್ತದೆ. ಆಗ ‘ಹಾಲು ಜಾಸ್ತಿಯಾಯ್ತು’ ಅಂತ ಇರುವ ಹಾಲನ್ನೂ ಕಡಿಮೆ ಮಾಡುತ್ತಾರೆ. ಕರು ಇನ್ನಷ್ಟು ಸೋಲುತ್ತದೆ.

ಅದೇ ರಾಗಿಯನ್ನು ನುಚ್ಚು ಮಾಡಿ ಬೇರೆ ಕಾಳು, ಹಿಂಡಿಯ ಜೊತೆ ಒಣಗಿದ್ದ ಹಾಗೇ ಬೋಗುಣಿಯಲ್ಲಿ ಇಟ್ಟರೆ? ಅದು ರೂಮೆನ್‌ಗೆ ಹೋಗುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳಿಗೆ ಪಿಷ್ಟ ಒಡೆಯುವುದು ಕಷ್ಟವಲ್ಲ. ಕಾಳು ಒಂದೇ. ಹೋಗುವ ದಾರಿ ಬದಲಾದರೆ ಒಂದು ಕಡೆ ಭೇದಿ, ಇನ್ನೊಂದು ಕಡೆ ಬೆಳವಣಿಗೆ. ಕರುವಿಗೆ ಏನು ಕೊಟ್ಟೆವು ಅನ್ನುವಷ್ಟೇ ಯಾವ ರೂಪದಲ್ಲಿ ಕೊಟ್ಟೆವು ಅನ್ನುವುದೂ ಮುಖ್ಯ.

ರೂಮೆನ್ ಬೆಳೆಯುವುದು ಅಂದರೆ ಗಾತ್ರ ಹಿಗ್ಗುವುದು ಮಾತ್ರ ಅಲ್ಲ. ಅದರ ಒಳಗೋಡೆಯಲ್ಲಿ ಸಣ್ಣ ಸಣ್ಣ ಗುಂಜುಗಳು ಏಳಬೇಕು, ಟರ್ಕಿ ಟವಲಿನ ಮೇಲೆ ಇರುತ್ತವಲ್ಲ, ಹಾಗೆ. ಮೇವು ಹುಳಿತಾಗ ಬರುವ ಆಮ್ಲಗಳನ್ನು ಹೀರಿ ರಕ್ತಕ್ಕೆ ಸೇರಿಸುವುದು ಈ ಗುಂಜುಗಳು. ಬೆಳೆದ ಹಸುವಿಗೆ ಸಿಗುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಬರುವುದು ಹೀಗೇ. ಗುಂಜಿಲ್ಲದ ರೂಮೆನ್ ಎಷ್ಟೇ ದೊಡ್ಡದಿದ್ದರೂ ಹುಲ್ಲು ತುಂಬಿಕೊಳ್ಳುವ ಚೀಲ ಅಷ್ಟೇ.

ಗುಂಜು ಏಳಿಸುವುದು ಯಾವುದು? ಹುಲ್ಲಿನ ಉಜ್ಜಾಟವೇ ಅಂತ ಬಹಳ ಕಾಲ ಜನ ನಂಬಿದ್ದರು. 1950ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾರ್ನರ್, ಫ್ಲಾಟ್, ಲೂಸ್ಲಿ ಎಂಬ ವಿಜ್ಞಾನಿಗಳು ಇದನ್ನು ನೇರವಾಗಿ ಪರೀಕ್ಷಿಸಿದರು. ಕರುಗಳ ರೂಮೆನ್ ಒಳಗೆ ಪ್ಲಾಸ್ಟಿಕ್ ಸ್ಪಂಜು ಇಟ್ಟು ನೋಡಿದರು. ಉಜ್ಜಾಟ ಬೇಕಾದಷ್ಟಾಯಿತು, ಗುಂಜು ಏಳಲಿಲ್ಲ. ಹುಳಿತಾಗ ಹುಟ್ಟುವ ಆಮ್ಲಗಳನ್ನೇ ರೂಮೆನ್‌ಗೆ ಹಾಕಿ ನೋಡಿದಾಗ ಗುಂಜು ಎದ್ದವು. ಅವುಗಳಲ್ಲೂ ಬ್ಯುಟಿರಿಕ್ ಆಮ್ಲದ ಪರಿಣಾಮ ದೊಡ್ಡದು, ಅದರ ನಂತರ ಪ್ರೊಪಿಯಾನಿಕ್. ಹುಲ್ಲು ಹುಳಿತಾಗ ಹೆಚ್ಚಾಗಿ ಬರುವುದು ಅಸಿಟಿಕ್ ಆಮ್ಲ, ಅದರಿಂದ ಗುಂಜು ಅಷ್ಟಾಗಿ ಬೆಳೆಯುವುದಿಲ್ಲ. ಕಾಳು ಹುಳಿತಾಗಲೇ ಮೊದಲೆರಡು ಚೆನ್ನಾಗಿ ಸಿಗುವುದು.

ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ತೆಗೆದ ಫೋಟೊಗಳು ಹೈನುಗಾರಿಕೆ ತರಬೇತಿಗಳಲ್ಲಿ ಹೆಸರುವಾಸಿ. ಮೂರೂ ಆರು ವಾರದ ಕರುಗಳ ರೂಮೆನ್. ಒಂದು ಬರೀ ಹಾಲು ಕುಡಿದದ್ದು. ಅದರ ಗೋಡೆ ಬಿಳಿಚಿಕೊಂಡು ತೆಳ್ಳಗೆ, ನುಣ್ಣಗೆ ಇದೆ. ಇನ್ನೊಂದು ಹಾಲಿನ ಜೊತೆ ಒಣಹುಲ್ಲು ತಿಂದದ್ದು. ಚೀಲ ದೊಡ್ಡದಾಗಿದೆ, ಆದರೆ ಒಳಗೆ ಗುಂಜು ಅಲ್ಪಸ್ವಲ್ಪ. ಮೂರನೆಯದು ಹಾಲಿನ ಜೊತೆ ಕಾಳಿನ ಆಹಾರ ತಿಂದದ್ದು. ಗೋಡೆ ದಪ್ಪಗೆ, ಕಡುಬಣ್ಣದಲ್ಲಿದೆ, ಮೇಲೆ ಉದ್ದುದ್ದ ಗುಂಜು ಒತ್ತೊತ್ತಾಗಿ ಎದ್ದಿದೆ. ನಮ್ಮ ಪ್ರತಿಯೊಂದು ಹಾಲು ಉತ್ಪಾದಕರ ಸಂಘದ ಗೋಡೆಯ ಮೇಲೂ ಈ ಮೂರು ಚಿತ್ರ ದೊಡ್ಡದಾಗಿ ಅಂಟಿಸಬೇಕು ಅಂತ ನನಗೆ ಅನಿಸುತ್ತದೆ. ಡೊಳ್ಳುಹೊಟ್ಟೆಯ ಕರುವಿನೊಳಗೆ ಇರುವುದು ಹೆಚ್ಚುಕಡಿಮೆ ಆ ಎರಡನೇ ಚಿತ್ರ.

ರಾಗಿ ಹುಲ್ಲು, ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಇರುವುದೇ ಶೇ 3–4ರ ಆಸುಪಾಸು. ಬೆಳೆಯುವ ಕರುವಿನ ಒಣ ಆಹಾರದಲ್ಲಿ ಶೇ 20ರಷ್ಟಾದರೂ ಇರಬೇಕು. ಹುಲ್ಲು ನಿಧಾನಕ್ಕೆ ಒಡೆಯುತ್ತದೆ, ಜಾಗ ಹಿಡಿಯುತ್ತದೆ. ಹೊಟ್ಟೆ ತುಂಬಿದ ಹಾಗಾಗಿ ಕರು ಬೇರೆ ಏನನ್ನೂ ತಿನ್ನುವುದಿಲ್ಲ. ಹೊಟ್ಟೆ ದೊಡ್ಡದಾಗುತ್ತದೆ, ಮೂಳೆ ಮಾಂಸ ಬೆಳೆಯುವುದು ನಿಲ್ಲುತ್ತದೆ.

ಹಾಗಾದರೆ ಹುಲ್ಲೇ ಬೇಡವಾ? ಇಲ್ಲಿ ವಿಜ್ಞಾನಿಗಳೂ ಒಂದು ತುದಿಗೆ ಹೋಗಿ ವಾಪಸ್ ಬಂದಿದ್ದಾರೆ. ಹಾಲು ಬಿಡಿಸುವವರೆಗೆ ಒಣಹುಲ್ಲು ಕೊಡಲೇಬೇಡಿ ಅಂತ ಅಮೆರಿಕದಲ್ಲಿ ಬಹಳ ಕಾಲ ಹೇಳುತ್ತಿದ್ದರು. ಆದರೆ ಬರೀ ಕಾಳಿನ ಹಿಟ್ಟು ತಿಂದ ಕರುಗಳ ರೂಮೆನ್‌ನಲ್ಲಿ ಹುಳಿ ಮಿತಿಮೀರುತ್ತದೆ. ನುಣ್ಣನೆ ಪುಡಿ ಗುಂಜುಗಳ ನಡುವೆ ಮೆತ್ತಿಕೊಂಡು ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ಪೇನ್‌ನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಳಿನ ಗುಳಿಗೆಯ ಜೊತೆ ಕತ್ತರಿಸಿದ ಓಟ್ಸ್ ಹುಲ್ಲು ಸಿಕ್ಕ ಕರುಗಳು ಕಾಳನ್ನೂ ಜಾಸ್ತಿ ತಿಂದವು, ತೂಕವೂ ಜಾಸ್ತಿ ಬಂತು. ಲೂಸರ್ನ್, ಅಂದರೆ ನಮ್ಮ ಕುದುರೆ ಮಸಾಲೆ ಒಣಗಿಸಿ ಕೊಟ್ಟಾಗ ಆ ಲಾಭ ಸಿಗಲಿಲ್ಲ. ಕರುಗಳು ಅದನ್ನೇ ಇಷ್ಟಪಟ್ಟು ತಿಂದು ಕಾಳಿಗೆ ಜಾಗ ಉಳಿಸಲಿಲ್ಲ. ನಾನು ಇದರಿಂದ ತೆಗೆಯುವ ಪಾಠ ಸರಳ. ಮೂರನೇ ವಾರದಿಂದ ಬೆರಳುದ್ದ ಕತ್ತರಿಸಿದ ಒಳ್ಳೆಯ ಒಣಹುಲ್ಲು ಒಂದು ಹಿಡಿ ಇರಲಿ, ಮೆಲುಕು ಹಾಕುವುದಕ್ಕೆ, ರೂಮೆನ್‌ನ ಸ್ನಾಯು ಗಟ್ಟಿಯಾಗುವುದಕ್ಕೆ. ಹೊಟ್ಟೆ ತುಂಬಿಸುವುದಕ್ಕೆ ಬೇಡ. ನೇಪಿಯರ್‌ನಂಥ ನೀರು ತುಂಬಿದ ಹಸಿಮೇವು ಈ ವಯಸ್ಸಿಗೆ ಇನ್ನೂ ಕಡಿಮೆ ಉಪಯೋಗ. ಅದರಲ್ಲಿ ಬಹುಪಾಲು ನೀರೇ.

ಕರು ಆಹಾರ, ಅಂದರೆ ಕಾಫ್ ಸ್ಟಾರ್ಟರ್, ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ಮನೆಯಲ್ಲೂ ಮಾಡಿಕೊಳ್ಳಬಹುದು. 50 ಕೆ.ಜಿ. ಮುಸುಕಿನ ಜೋಳದ ನುಚ್ಚು, 27 ಕೆ.ಜಿ. ಎಣ್ಣೆ ತೆಗೆದ ಸೋಯಾ ಹಿಂಡಿ, 20 ಕೆ.ಜಿ. ಗೋಧಿ ಬೂಸಾ, 2 ಕೆ.ಜಿ. ಖನಿಜ ಮಿಶ್ರಣ, 1 ಕೆ.ಜಿ. ಉಪ್ಪು. ಜೋಳದಿಂದ ನಾಲ್ಕೂವರೆ, ಹಿಂಡಿಯಿಂದ ಹನ್ನೆರಡು, ಬೂಸಾದಿಂದ ಮೂರು ಅಂತ ಕೂಡಿದರೆ ಪ್ರೋಟೀನ್ ಹತ್ತಿರ ಹತ್ತಿರ ಶೇ 20 ಬರುತ್ತದೆ. ಸೋಯಾ ಬದಲು ಕಡಲೆಕಾಯಿ ಹಿಂಡಿಯನ್ನೂ ಹಾಕಬಹುದು, ಬೂಷ್ಟು ಹಿಡಿದದ್ದು ಮಾತ್ರ ಬೇಡವೇ ಬೇಡ, ಅದರ ವಿಷ ಕರುವಿನ ಲಿವರ್ ಕೆಡಿಸುತ್ತದೆ. ಜೋಳವನ್ನು ಹಿಟ್ಟು ಮಾಡಬೇಡಿ, ಒರಟಾಗಿ ಒಡೆಸಿ.

ಎರಡು ವಿಷಯ ಒತ್ತಿ ಹೇಳಬೇಕು. ಕರೆಯುವ ಹಸುವಿಗೆ ತಂದ ಪಶು ಆಹಾರವನ್ನೇ ಕರುವಿಗೂ ಒಂದು ಹಿಡಿ ಹಾಕುವುದು ಎಲ್ಲ ಕಡೆ ಇರುವ ರೂಢಿ. ಕೆಲವು ಪಶು ಆಹಾರದಲ್ಲಿ ಯೂರಿಯಾ ಸೇರಿಸಿರುತ್ತಾರೆ. ದೊಡ್ಡ ಹಸುವಿನ ರೂಮೆನ್ ಅದನ್ನು ಪ್ರೋಟೀನ್ ಮಾಡಿಕೊಳ್ಳುತ್ತದೆ, ಕರುವಿಗೆ ಆ ರೂಮೆನ್ ಇನ್ನೂ ಇಲ್ಲ. ಉತ್ತರ ಕರ್ನಾಟಕದ ಕಡೆ ಹತ್ತಿಕಾಳು, ಹತ್ತಿಕಾಳಿನ ಹಿಂಡಿ ಬಳಕೆ ಜಾಸ್ತಿ. ಅದರಲ್ಲಿ ಗಾಸಿಪಾಲ್ ಎಂಬ ವಿಷಾಂಶ ಇರುತ್ತದೆ. ಎಮ್ಮೆ, ಹಸು ಅದನ್ನು ರೂಮೆನ್‌ನಲ್ಲಿ ತಕ್ಕಮಟ್ಟಿಗೆ ತಡೆದುಕೊಳ್ಳುತ್ತವೆ. ಎಳೆಗರುವಿಗೆ ಆಗುವುದಿಲ್ಲ, ಹೃದಯಕ್ಕೇ ಪೆಟ್ಟು ಬೀಳುತ್ತದೆ.

ಮೊದಲ ವಾರ ಕರು ಕಾಳಿನ ಆಹಾರ ಮೂಸಿ ಬಿಡುತ್ತದೆ. ಹಾಲು ಕುಡಿದು ಮುಗಿಸಿದ ತಕ್ಷಣ ಅದರ ಚೀಪುವ ಆಸೆ ಇನ್ನೂ ಇಳಿದಿರುವುದಿಲ್ಲ, ಬೆರಳು ಕೊಟ್ಟರೂ ಚೀಪುತ್ತದೆ. ಆ ಹೊತ್ತಿಗೆ ಅಂಗೈಯಲ್ಲಿ ಚೂರು ನುಚ್ಚು ಹಿಡಿದು ಬಾಯಿಗೆ ಸವರಿದರೆ ನಾಲಿಗೆ ಹೊರಳಿಸಿ ನುಂಗುತ್ತದೆ. ನಾಲ್ಕೈದು ದಿನ ಹೀಗೆ ಮಾಡಿದರೆ ಬೋಗುಣಿಗೆ ತಾನೇ ಮೂತಿ ಹಾಕುತ್ತದೆ. ಉಳಿದ ಒದ್ದೆ ಆಹಾರವನ್ನು ದಿನಾ ತೆಗೆದು ಹೊಸದು ಹಾಕಬೇಕು, ಎಂಜಲು ಹತ್ತಿ ಹುಳಿ ವಾಸನೆ ಬಂದರೆ ಕರು ಮುಟ್ಟುವುದಿಲ್ಲ. ಇದು ಕೂಲಿಯವರ ಕೈಯಲ್ಲಿ ಆಗುವ ಕೆಲಸವಲ್ಲ. ಹೆಚ್ಚಿನ ಮನೆಗಳಲ್ಲಿ ಹೆಂಗಸರೇ ಮಾಡುತ್ತಾರೆ. ಹಾಗಿದ್ದೂ ಕರು ಸಾಕಣೆಯ ತರಬೇತಿಗೆ ಗಂಡಸರನ್ನೇ ಕರೆಯುತ್ತೇವೆ.

ನೀರಿನ ವಿಷಯದಲ್ಲಿ ಸುಲಭವಾಗಿ ತಿದ್ದಿಕೊಳ್ಳಬಹುದಾದ ತಪ್ಪೊಂದಿದೆ. ಹಾಲಿನಲ್ಲಿ ನೀರು ಇದೆಯಲ್ಲ ಅಂತ ಎಳೆಗರುವಿಗೆ ಬೇರೆ ನೀರು ಇಡುವುದಿಲ್ಲ. ಹಾಲು ರೂಮೆನ್‌ಗೆ ಹೋಗುವುದಿಲ್ಲ ಅಂತ ಆಗಲೇ ನೋಡಿದೆವು. ರೂಮೆನ್‌ನಲ್ಲಿ ಬಿದ್ದ ಕಾಳು ಹುಳಿಯಬೇಕಾದರೆ ಅಲ್ಲಿಗೆ ನೀರು ಬೇಕು. 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹಾಲಿನ ಹೊರತು ನೀರು ಸಿಗದ ಕರುಗಳು ಕಾಳಿನ ಆಹಾರವನ್ನು ಶೇ 31ರಷ್ಟು ಕಡಿಮೆ ತಿಂದವು, ಅವುಗಳ ತೂಕದ ಏರಿಕೆ ಶೇ 38ರಷ್ಟು ಕಡಿಮೆಯಾಯಿತು. ಒಂದು ಬಕೆಟ್ ನೀರಿನ ಮಾತು ಇದು.

ಇನ್ನು ಹಾಲು. ಹುಟ್ಟಿದ ಕರುವಿಗೆ ಗಿಣ್ಣು ಹಾಲು ಒಂದೆರಡು ಗಂಟೆಯೊಳಗೇ ಸಿಗಬೇಕು, ಮಾಸು ಬೀಳಲಿ ಅಂತ ಕಾಯಬಾರದು. ಗಿಣ್ಣಿನಲ್ಲಿರುವ ರೋಗನಿರೋಧಕ ಅಂಶಗಳನ್ನು ಇದ್ದ ಹಾಗೇ ಹೀರುವ ಶಕ್ತಿ ಕರುಳಿಗೆ ಗಂಟೆ ಗಂಟೆಗೂ ಕುಗ್ಗುತ್ತಾ, ಒಂದು ದಿನದಲ್ಲಿ ಮುಗಿದೇ ಹೋಗುತ್ತದೆ. ಅಕ್ಕಪಕ್ಕದ ಮನೆಗೆ ಗಿಣ್ಣು ಹಂಚುವುದು ನಮ್ಮ ಚೆಂದದ ಪದ್ಧತಿ, ಕರುವಿನ ಪಾಲು ಮುಗಿದ ಮೇಲೆ ಹಂಚೋಣ.

ಆಮೇಲಿನ ಹಾಲು ಎಷ್ಟು? ತೂಕದ ಹತ್ತನೇ ಒಂದು ಭಾಗ ಅನ್ನುವುದು ಹಳೆಯ ಲೆಕ್ಕ. 30 ಕೆ.ಜಿ. ಕರುವಿಗೆ ದಿನಕ್ಕೆ 3 ಲೀಟರ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಜೀವ ಹಿಡಿದಿಡುವುದಕ್ಕೆ, ಮೈ ಬೆಚ್ಚಗಿಡುವುದಕ್ಕೆ ಹೋಗುತ್ತದೆ. ಬೆಳೆಯಲು ಉಳಿಯುವುದು ಕಡಿಮೆ, ಚಳಿಗಾಲದಲ್ಲಿ ಇನ್ನೂ ಕಡಿಮೆ. ಎರಡು ತಿಂಗಳಲ್ಲಿ ಹುಟ್ಟುತೂಕ ಎರಡರಷ್ಟಾಗಬೇಕು ಅನ್ನುವುದು ಈಗಿನ ಗುರಿ. ಅಂದರೆ ದಿನಕ್ಕೆ 500 ಗ್ರಾಂ. ಮೂರು ಲೀಟರ್ ಹಾಲಿನಲ್ಲಿ ಅದು ಆಗದ ಮಾತು. ಮೊದಲ ಮೂರ್ನಾಲ್ಕು ವಾರ ಕರು ಕಾಳು ತಿನ್ನುವುದೂ ಅಷ್ಟಕ್ಕಷ್ಟೇ.

ಹಾಲು ಜಾಸ್ತಿ ಕೊಟ್ಟರೆ ಕಾಳು ತಿನ್ನುವುದಿಲ್ಲ, ಗುಂಜು ಏಳುವುದಿಲ್ಲ, ಹಾಲು ಬಿಡಿಸಿದ ದಿನ ಕರು ಕುಸಿಯುತ್ತದೆ ಅನ್ನುವ ವಾದವೂ ಇದೆ. ಅದರಲ್ಲಿ ನಿಜ ಇದೆ. ಎಂಟನೇ ವಾರದವರೆಗೆ ಹೊಟ್ಟೆತುಂಬ ಹಾಲು ಕೊಟ್ಟು ಮರುದಿನ ಥಟ್ಟನೆ ನಿಲ್ಲಿಸಿದರೆ ಹಾಗೇ ಆಗುತ್ತದೆ. ಇದಕ್ಕೆ ಉತ್ತರ ಹಾಲನ್ನು ಹಂತಹಂತವಾಗಿ ಇಳಿಸುವುದು. ದಕ್ಷಿಣ ಕೊರಿಯಾದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೊದಲ ಮೂರು ವಾರ ತೂಕದ ಶೇ 20ರಷ್ಟು ಹಾಲು ಕೊಟ್ಟು, ಆಮೇಲೆ ಕೆಲವೇ ದಿನಗಳಲ್ಲಿ ಶೇ 10ಕ್ಕೆ ಇಳಿಸಿದರು. ಆ ಕರುಗಳು ಮೊದಲು ಹಾಲಿನಿಂದ ಬೆಳೆದವು, ಹಾಲು ಇಳಿದ ಕೂಡಲೇ ಕಾಳಿನ ಕಡೆ ತಿರುಗಿದವು, ಮೊದಲಿಂದ ಕಡಿಮೆ ಹಾಲು ಕುಡಿದ ಕರುಗಳಿಗಿಂತ ಮುಂದೆಯೇ ಉಳಿದವು. ಕಾಳು ತಿನ್ನಲು ಶುರುಮಾಡಿದ ಮೇಲೆ ಗುಂಜು ಬೆಳೆಯಲು ಸುಮಾರು ಮೂರು ವಾರ ಬೇಕು. ಆದ್ದರಿಂದ ಹಾಲು ಬಿಡಿಸುವುದನ್ನು ಕ್ಯಾಲೆಂಡರ್ ನೋಡಿ ತೀರ್ಮಾನಿಸಬೇಡಿ. ಮಿಶ್ರತಳಿ ಕರು ಸತತವಾಗಿ ಮೂರು ದಿನ ಒಂದು ಕೆ.ಜಿ.ಯಷ್ಟು ಕಾಳಿನ ಆಹಾರ ತಿಂದು ಮುಗಿಸಿತಾ, ಆಗ ಬಿಡಿಸಬಹುದು.

ಖರ್ಚಿನ ಲೆಕ್ಕ ಹಾಕೋಣ. ಮೊದಲ ನಾಲ್ಕು ವಾರ 3 ಲೀಟರ್ ಬದಲು ಐದೂವರೆ ಕೊಟ್ಟು, ನಂತರದ ನಾಲ್ಕು ವಾರ ನಿಧಾನಕ್ಕೆ ಇಳಿಸಿದರೆ ಒಟ್ಟು ಜಾಸ್ತಿ ಹೋಗುವುದು 100 ಲೀಟರ್ ಆಸುಪಾಸು. ಲೀಟರ್‌ಗೆ 36 ರೂ. ಅಂತ ಇಟ್ಟುಕೊಂಡರೆ 3,600 ರೂ. ಒಂದು ಕಡಸನ್ನು ದಿನಕ್ಕೆ 100 ರೂ. ಖರ್ಚಿನಲ್ಲಿ ಸಾಕುತ್ತೀರಿ ಅಂದುಕೊಂಡರೆ ಇದು 36 ದಿನದ ಖರ್ಚು. ಚೆನ್ನಾಗಿ ಬೆಳೆದ ಮಿಶ್ರತಳಿ ಕಡಸು ಬೇಗ ಬೆದೆಗೆ ಬಂದು 24–28 ತಿಂಗಳಿಗೆ ಕರು ಹಾಕಬಲ್ಲದು. ಸೊರಗಿದ ಕಡಸು ಮೂರು ವರ್ಷ ದಾಟಿಸುತ್ತದೆ. ತಿಂಗಳೊಂದೂಕಾಲು ಬೇಗ ಗಬ್ಬವಾದರೂ ಹಾಕಿದ ಹಾಲು ವಾಪಸ್ ಬಂದಂತೆ.

ಇದರ ಮೇಲೆ ಇನ್ನೊಂದು ಲಾಭವೂ ಇರಬಹುದು. ಕಾರ್ನೆಲ್‌ನವರು ತಮ್ಮ ಹಿಂಡಿನ ದಾಖಲೆ ನೋಡಿ 2012ರಲ್ಲಿ ಹೇಳಿದ್ದು: ಹಾಲು ಬಿಡಿಸುವ ಮೊದಲು ದಿನದ ತೂಕದ ಏರಿಕೆ ಒಂದು ಕೆ.ಜಿ. ಜಾಸ್ತಿಯಾದರೆ ಮೊದಲ ಸೂಲಿನಲ್ಲಿ 850 ಕೆ.ಜಿ. ಹಾಲು ಜಾಸ್ತಿ. 200 ಗ್ರಾಂ ಜಾಸ್ತಿಯಾದರೆ ಆ ಲೆಕ್ಕದಲ್ಲಿ 170 ಕೆ.ಜಿ. ಅದು ಹೆಚ್ಚು ಹಾಲು ಕೊಡುವ ಎಚ್‌ಎಫ್, ಅಂದರೆ ಹೋಲ್‌ಸ್ಟೀನ್ ಫ್ರೀಜಿಯನ್ ತಳಿಯ ಹಿಂಡು, ಅಲ್ಲಿನ ಮೇವೇ ಬೇರೆ. ಆ ಅಂಕಿಯನ್ನು ನಮ್ಮ ಕೊಟ್ಟಿಗೆಗೆ ಹಾಗೇ ತಂದು ಹಾಕಲು ನಾನು ತಯಾರಿಲ್ಲ. ಬೇಗ ಗಬ್ಬವಾಗುವ ಲಾಭವೊಂದೇ ಸಾಕು ನನ್ನ ವಾದಕ್ಕೆ.

ಆದರೂ 3,600 ರೂ. ಇವತ್ತು ಕೈಬಿಡಬೇಕು, ಲಾಭ ಬರುವುದು ಎರಡು ವರ್ಷದ ಮೇಲೆ. ಎರಡು ಹಸು ಕಟ್ಟಿಕೊಂಡು ಡೇರಿ ಬಟವಾಡೆಯಲ್ಲಿ ಮನೆ ನಡೆಸುವವರಿಗೆ ಇದು ಸಣ್ಣ ಮಾತಲ್ಲ. ಅವರನ್ನು ದೂರಿ ಪ್ರಯೋಜನ ಇಲ್ಲ. ಪಕ್ಕದ ಕೇರಳದಲ್ಲಿ ಹೆಣ್ಣು ಕರುಗಳಿಗೆ ಸಬ್ಸಿಡಿ ದರದಲ್ಲಿ ಆಹಾರ ಕೊಡುವ ‘ಗೋವರ್ಧಿನಿ’ ಯೋಜನೆ ಇದೆ. ಅಂಥದ್ದು ಹಾಲು ಬಿಟ್ಟ ಮೇಲಿನ ತಿಂಗಳುಗಳಿಗೆ ನೆರವಾಗುತ್ತದೆ. ಕರ್ನಾಟಕ ಅದಕ್ಕೂ ಹಿಂದಿನ ಎಂಟು ವಾರದಿಂದಲೇ ಶುರುಮಾಡಬೇಕು. ಹೆಣ್ಣು ಕರು ಹುಟ್ಟಿದ್ದನ್ನು ಸಂಘದಲ್ಲಿ ಬರೆಸಿದ ದಿನವೇ ಒಂದು 25 ಕೆ.ಜಿ. ಕರು ಆಹಾರದ ಚೀಲ ಮನೆಗೆ ಬರಲಿ. ಎರಡು ತಿಂಗಳು ತುಂಬಿದಾಗ ಸಂಘದವರು ಎದೆಸುತ್ತಳತೆಯ ಟೇಪು ಹಿಡಿದು ಬಂದು ತೂಕ ನೋಡಲಿ. ಹುಟ್ಟುತೂಕ ಎರಡರಷ್ಟಾಗಿದ್ದರೆ ಆ ಮನೆಯ ಖಾತೆಗೆ 100 ಲೀಟರ್ ಹಾಲಿನ ಪ್ರೋತ್ಸಾಹಧನ, ಅಂದರೆ 500 ರೂ. ಜಮೆಯಾಗಲಿ. ಆ ಹಾಲು ಡೇರಿಯ ಕ್ಯಾನಿಗೆ ಬಂದಿಲ್ಲ ನಿಜ. ಅದೇ ಸಂಘಕ್ಕೆ ಎರಡು ವರ್ಷದ ಮೇಲೆ ಹಾಲು ಹಾಕುವ ಹಸುವಿನ ಹೊಟ್ಟೆಗೆ ಹೋಗಿದೆ.